ಕಡೆಯ ಕಾಲಂ ತೋರಿಸುವ ಆ್ಯಪ್ ಯಾವುದು?

ನೇಕಾರರ ಮನೆ ಹಂಚಿಕೆಯ ಪಟ್ಟಿ ಹೊರಡಿಸಿದ ಮಾನ್ಯ ಅಧಿಕಾರಿಗಳೇ,

ನಿಮ್ಮ ಪಟ್ಟಿಯನ್ನು ನಾನು ತಪ್ಪಾಗಿ ಓದಿದೆ. ಅದನ್ನು ನಂಬಿ ಒಬ್ಬ ಹೆಣ್ಣುಮಗಳು ತನ್ನ ಮಗ್ಗ ಕಿತ್ತಿದ್ದಾಳೆ. ಆಕ್ಷೇಪಣೆಗೆ ನೀವು ಕೊಟ್ಟ ಹದಿನೈದು ದಿನಗಳಲ್ಲಿ ಹನ್ನೆರಡು ಮುಗಿದಿವೆ. ಉಳಿದ ಮೂರರಲ್ಲಿ ಒಂದು ಭಾನುವಾರ. ಹೆದರಿಕೆಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪಟ್ಟಿಯನ್ನು ಈ ಸಲ ನೀವು ಕಚೇರಿಯ ಗೋಡೆಗೆ ಅಂಟಿಸಲಿಲ್ಲ, ವಾಟ್ಸಾಪಿಗೆ ಬಿಟ್ಟಿರಿ. ಕೆಳಗೊಂದು ಸಾಲು: ‘ಸೂಕ್ತ ಆ್ಯಪ್ ಬಳಸಿ ಓದಿಕೊಳ್ಳತಕ್ಕದ್ದು.’ ಸೂಕ್ತ ಎಂದರೆ ಯಾವುದು ಸ್ವಾಮಿ? ನಾನು ಎಣಿಸಿದಷ್ಟಕ್ಕೇ ಇಪ್ಪತ್ಮೂರು ಇದ್ದವು. ಒಂದು ನನ್ನ ಫೋಟೋಗಳನ್ನೆಲ್ಲ ಕೇಳಿತು. ಇನ್ನೊಂದು ನಾನು ಎಲ್ಲಿದ್ದೇನೆಂದು ವಿಚಾರಿಸಿತು. ಮತ್ತೊಂದಕ್ಕೆ ಮೈಕ್ ಬೇಕಂತೆ. ಓದುವುದಕ್ಕೆ ಕಿವಿ ಯಾಕೆ? ಕಡೆಗೆ ಅಕ್ಷರ ದಪ್ಪಗೆ ತೋರಿಸುವ, ನಾಲ್ಕೂವರೆ ನಕ್ಷತ್ರದ ಒಂದನ್ನು ಆರಿಸಿದೆ. ಐವತ್ತೆಂಟರ ಕಣ್ಣಿಗೆ ಅದಕ್ಕಿಂತ ಸೂಕ್ತ ಏನಿದೆ? ಆ ನಕ್ಷತ್ರ ಕೊಟ್ಟವರಾರೂ ನಿಮ್ಮ ಪಟ್ಟಿ ಓದಿದವರಲ್ಲ ಎಂಬುದು ಆಗ ಹೊಳೆಯಲಿಲ್ಲ.

ನಾನು ಮಲೀಕಸಾಬ, ಇಳಕಲ್ಲಿನ ಸೀರೆ ವ್ಯಾಪಾರಿ. ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಹುನಗುಂದದ ಸಂತೆಗೆ ಹೋಗುತ್ತಿದ್ದವನು ಈಗ ಸ್ವಂತ ಅಂಗಡಿಯ ಗಾದಿಯ ಮೇಲೆ ಕೂತಿದ್ದೇನೆ. ಓಣಿಯ ಕಾಗದಪತ್ರಗಳೆಲ್ಲ ನನ್ನೆದುರೇ ಬಿಚ್ಚಿಕೊಳ್ಳುತ್ತವೆ. ಹಾಗೇ ಬಂದಳು ರತ್ನಾಬಾಯಿ. ಗಂಡ ತೀರಿಕೊಂಡವಳು, ಬಾಡಿಗೆಯ ಒಂದೇ ಕೋಣೆಯಲ್ಲಿ ಮಗ್ಗ ಹೂಡಿಕೊಂಡು ನೇಯುವವಳು.

“ಮಲೀಕಣ್ಣಾ, ನೆಟ್ಟಗ ನೋಡ್ರಿ. ನನ್ನ ಹೆಸರ ಐತೇನ್ರಿ?”

“ಐತಿ ತಂಗಿ! ನೂರಾ ಹದಿನಾಕನೇದು. ಮೊದಲ ಪೇಡೆ ತಾ.”

“ಖರೆ ಹೇಳ್ತೀರೋ, ಚಾಷ್ಟಿ ಮಾಡ್ತೀರೋ?”

“ಸೀರಿ ಮಾರೂಮುಂದ ಒಂದೆರಡ ಸುಳ್ಳ ಹೇಳಿರಬೇಕವಾ, ಓದೂಮುಂದ ಹೇಳಂಗಿಲ್ಲ.”

ಇಷ್ಟು ವರ್ಷ ನಿಮ್ಮ ಗೋಡೆಯ ಮೇಲೆ ಹೆಸರು ಬಂತೆಂದರೆ ಕೆಲಸ ಆಯಿತೆಂದೇ ಅರ್ಥ. ಆಕೆ ಓಣಿಗೆಲ್ಲ ಪೇಡೆ ಹಂಚಿದಳು. ಕೋಣೆ ಬಿಡುತ್ತೇನೆಂದು ಮನೆ ಮಾಲೀಕರಿಗೆ ಹೇಳಿದಳು. ಆಕೆಯದು ಕುಣಿಮಗ್ಗ, ನೆಲ ಅಗೆದು, ಕಾಲು ಇಳಿಬಿಟ್ಟು ಕೂರುವಂಥದ್ದು. ಮಂಚದಂತೆ ಎತ್ತಿಕೊಂಡು ಹೋಗುವ ವಸ್ತುವಲ್ಲ. ಕಂಬ ಕಿತ್ತು, ಕುಣಿಗೆ ಮಣ್ಣು ತುಂಬಿದಳು.

ಮೊನ್ನೆ ಅಂಗಡಿಗೆ ಸೀರೆ ನೋಡಲು ಬಂದಿದ್ದ ಪ್ರಿಯದರ್ಶಿನಿ ಎಂಬ ಕಾಲೇಜು ಹುಡುಗಿ ನನ್ನ ಫೋನಿನ ಮೇಲೆ ಬೆರಳಾಡಿಸಿದಳು. “ಕಾಕಾ, ಇದನ್ನ ಬಲಕ್ಕ ಸರಸಬೇಕ್ರಿ. ಕಡೀ ಕಾಲಂ ನೋಡೇ ಇಲ್ಲಲ್ಲ ನೀವು?”

ಅಕ್ಷರ ದಪ್ಪವಾಗಿ ಆ ಕಾಲಂ ಪರದೆಯ ಆಚೆ ಉಳಿದುಬಿಟ್ಟಿತ್ತು. ನೂರಾ ಹದಿನಾಲ್ಕರ ಎದುರಿಗೆ ಹೀಗಿತ್ತು: ‘ತಿರಸ್ಕೃತ. ಬಾಡಿಗೆ ಮನೆಯಲ್ಲಿರುವ ಬಗ್ಗೆ ಮಾಲೀಕರ ಪತ್ರ ಲಗತ್ತಿಸಿಲ್ಲ.’ ಸೆರಗು ಬಿಚ್ಚಿ ನೋಡದೆ ಒಂದು ಸೀರೆಯನ್ನೂ ಕೊಂಡವನಲ್ಲ ನಾನು. ನಿಮ್ಮ ಪಟ್ಟಿಯ ಸೆರಗು ಬಿಚ್ಚಲಿಲ್ಲ. ಈಗ ಆ ಪತ್ರ ಕೊಡುವವರು ಯಾರು? ಆ ಕೋಣೆಗೆ ಭಾನುವಾರ ಬೇರೆಯವರು ಬರುತ್ತಿದ್ದಾರೆ.

ತಪ್ಪು ನನ್ನದು, ಒಪ್ಪಿದೆ. ಆದರೆ ತಿರಸ್ಕರಿಸಿದ್ದನ್ನು ಹೆಸರಿನ ಪಕ್ಕದಲ್ಲೇ ಬರೆಯಲು ನಿಮಗೇನು ಅಡ್ಡಿಯಿತ್ತು? ಗೋಡೆಗೆ ಯಾವ ಆ್ಯಪ್ ಬೇಕಿತ್ತು?

ನಿನ್ನೆ ಹೇಳಿಬಿಡೋಣವೆಂದು ಆಕೆಯ ಮನೆಗೆ ಹೋದೆ. ಗಂಟು ಕಟ್ಟುತ್ತಿದ್ದವಳು ತಲೆಯೆತ್ತಿ, “ಬರ್ರಿ ಅಣ್ಣಾ. ಹೊಸಾ ಮನ್ಯಾಗ ಮಗ್ಗ ಯಾವ ದಿಕ್ಕಿಗೆ ಹೂಡ್ಲಿ, ನೀವ ಹೇಳ್ರಿ” ಎಂದಳು. “ಮೂಡಣಕ್ಕ” ಎಂದು ಎದ್ದು ಬಂದೆ.

ಪಟ್ಟಿಯನ್ನು ಇಂದೇ ಗೋಡೆಗೆ ಅಂಟಿಸಿ. ಹದಿನೈದು ದಿನಗಳನ್ನು ಅಂಟಿಸಿದ ದಿನದಿಂದ ಎಣಿಸಿ. ನೂರಾ ಹದಿನಾಲ್ಕನೆಯವಳು ಎಲ್ಲಿ ವಾಸವಿದ್ದಾಳೆಂದು ನಿಮ್ಮವರೇ ಬಂದು ನೋಡಲಿ. ಕುಣಿಯ ಮಣ್ಣು ಇನ್ನೂ ಹಸಿಯಿದೆ. ನಾಳೆ ನಾನು ಆಕೆಯ ಮನೆಗೆ ಮತ್ತೆ ಹೋಗಲೇಬೇಕು. ಹೇಳಲು ಏನಾದರೂ ಕೊಟ್ಟು ಕಳಿಸಿ.

ಇಂತಿ,
ಆ ಪೇಡೆ ತಿಂದವರಲ್ಲಿ ಮೊದಲಿಗ,
ಮಲೀಕಸಾಬ, ಇಳಕಲ್