ಒಂಬತ್ತೇ ಗೇಮು

ರಫಾಯೆಲಾ ಊರು, ಸೋಮವಾರ

ಮಹಾ ಸತ್ಯವಂತನಾದ ಸೋದರಳಿಯ ಲಿಸಾಂದ್ರೊಗೆ,

ಅರ್ಜೆಂಟೀನಾದ ಟೆನಿಸ್ ವೀರರೆಲ್ಲ ನನಗೆ ಫೋನ್ ಮಾಡಿ ಕೇಳದೆ ಮಣ್ಣಿನ ಅಂಕಣಕ್ಕೆ ಕಾಲಿಡುವುದಿಲ್ಲ. ಅಂಥ ನಾನು, ನಿನ್ನೆ ನಿನ್ನ ಮೊದಲ ಸೆಟ್ಟು ಹತ್ತು ಗೇಮಿಗೆ ಕಡಿಮೆಯಾಗದೆಂದು ಕಟುಕ ಎವರಿಸ್ತೊ ಜೊತೆ ಬಾಜಿ ಕಟ್ಟಿದ್ದೆ. ನೀರು ಕುಡಿದ ಮಣ್ಣು, ನಿಧಾನದ ಚೆಂಡು. ನನ್ನ ಲೆಕ್ಕ ತಪ್ಪಿರಲಿಲ್ಲ. ನೀನು ಐದು–ಮೂರರಲ್ಲಿ ಹಿಂದಿದ್ದೆ. ಸೆಟ್ಟು ಗೆಲ್ಲಲು ಎದುರಾಳಿ ಹೊಡೆದ ಚೆಂಡು ಹೊರಗೆಂದು ಅಂಪೈರೇ ಕೂಗಿದ್ದ. ಬಾಯಿ ಮುಚ್ಚಿಕೊಂಡು ಆಡುವುದು ಬಿಟ್ಟು, ನೀನು ಮಣ್ಣಿನ ಮೇಲಿನ ಗುರುತಿಗೆ ಬಗ್ಗಿ, “ಇಲ್ಲ ಸ್ವಾಮಿ, ಗೆರೆ ಮುಟ್ಟಿದೆ” ಎಂದು ಅದನ್ನು ಬೂಟಿನಿಂದ ಒರೆಸಿಬಿಟ್ಟೆ! ಆರು–ಮೂರು, ಸೆಟ್ಟು ಅವನಿಗೆ. ಒಂಬತ್ತೇ ಗೇಮು. ಜನ ಚಪ್ಪಾಳೆ ತಟ್ಟಿದರು. ನಿನ್ನ ಅತ್ತೆಯೂ ಎದ್ದು ನಿಂತು ತಟ್ಟಿದಳು, ಪಾಪ.

“ಅಳಿಯನ ಕೈಗೆ ಪೊರಕೆ ಕೊಡೋ ಎಲೀಯೊ, ಅಂಕಣ ಚೆನ್ನಾಗಿ ಗುಡಿಸ್ತಾನೆ” ಎಂದ ಎವರಿಸ್ತೊ, ನನ್ನ ನೋಟಿನ ಕಟ್ಟು ಜೇಬಿಗಿಳಿಸುತ್ತ.

ಅದು ನಿನ್ನ ಅತ್ತೆ ಎಂಪನಾಡ ಕಡುಬು ಕರಿದು ಮಾರಿ, ಹೊಸ ಒಲೆಗೆಂದು ಕೂಡಿಟ್ಟ ಹಣ. ಶುಕ್ರವಾರ ಒಲೆ ತರಲು ಹೊರಟಿದ್ದಾಳೆ. ಅಷ್ಟರೊಳಗೆ ನೀನೇ ಬಂದು ಅವಳಿಗೆ ಹೇಳು. ನಿಜ ಹೇಳಿ ಅಭ್ಯಾಸವಿರುವುದು ನಿನಗೆ. ಬಾಜಿಯಲ್ಲಿ ಒಂದು ಬಾಟಲಿ ವೈನಿನಷ್ಟು ಹೋಯಿತೆಂದು ನಾನು ಅವಳಿಗೆ ಹೇಳಿದ್ದೇನೆ. ಹೋದದ್ದು ನಾಲ್ಕು ಲಕ್ಷ ಪೆಸೊ.

ನಿನ್ನ ಮಾವ,
ಎಲೀಯೊ