ಹೆಬ್ಬೆರಳು ಇಳಿದ ತೊಲೆ

ಬಂದರಿನ ಉಗ್ರಾಣ,
ಮಾರ್ಚ್ ೯, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕಿವಿನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಚಿನ್ನದ ಧ್ಯಾನದಲ್ಲಿ ಅದನ್ನೂ ಮರೆತೆಯೋ? ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವ ಮಾತ್ರ "ನನ್ನ ಬಾಮೈದ ಆ ಚಿನ್ನದ ಪೆಟ್ಟಿಗೆ ಎತ್ತಲಿ, ನಾನು ಕೆಲಸ ಬಿಡ್ತೀನಿ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಾರೆ. ಕೂಸು ಹುಟ್ಟುವ ಮುಂಚೆಯೇ ಕುಲಾವಿ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮುನ್ನೂರು ವರ್ಷ ಸಮುದ್ರದ ತಳದಲ್ಲಿ ಬಿದ್ದಿದ್ದ ಹಡಗಿನಿಂದ ನೀವು ಮುಳುಗಿ ಎತ್ತಿದ್ದೆಲ್ಲ ಬರುವುದು ನನ್ನ ತೊಟ್ಟಿಗಳಿಗೇ ತಾನೆ? ಉಪ್ಪು ಬಿಡುವವರೆಗೆ ಸಿಹಿನೀರು ಬದಲಿಸುವುದೇ ನನ್ನ ಕೆಲಸ. ತಟ್ಟೆ, ಗಂಟೆ, ಯಾರದೋ ಚಪ್ಪಲಿಯ ಅಟ್ಟೆ. ಶನಿವಾರ ತೊಲೆಯ ತುಂಡೊಂದು ಬಂತು. ಚಿನ್ನದ ಪೆಟ್ಟಿಗೆ ಇರುವ ಹಿಂಬದಿ ಕೋಣೆಯ ಮಾಡಿನದು ಎಂದು ನೀನೇ ಚೀಟಿ ಕಟ್ಟಿದ್ದೆ. ಕೆಳಗೆ ನಿನ್ನ ಜಂಭ ಬೇರೆ: "ಅಕ್ಕಾ, ಚಾಕು ಹಿಡಿಯಿಂದ ಬಡಿದು ನೋಡ್ದೆ. ಕಲ್ಲು ಇದ್ದ ಹಾಗಿದೆ."

ನೋಡಲು ನಿಜಕ್ಕೂ ನಿನ್ನೆ ಕಡಿದ ಮರದಂತಿದೆ, ಬಡಗಿಯ ಉಳಿಯ ಗುರುತೂ ಮಾಸಿಲ್ಲ. ಆದರೆ ನೀರು ಬದಲಿಸಲು ಎತ್ತಿದಾಗ ನನ್ನ ಹೆಬ್ಬೆರಳು ಬುಡದವರೆಗೂ ಅದರೊಳಗೆ ಇಳಿದುಹೋಯಿತು. ನೆನೆದ ಬ್ರೆಡ್ಡು, ಅಷ್ಟೇ. ನೀರು ಕುಡಿದ ಮರ ಬಡಿದರೆ ಗಟ್ಟಿಯೆಂದೇ ಅನ್ನಿಸುತ್ತದೆ ಕಣೋ, ಒಳಗೆ ಮರವೇ ಉಳಿದಿರುವುದಿಲ್ಲ. ಇಷ್ಟು ವರ್ಷ ಆ ಮಾಡನ್ನು ಹೊತ್ತಿರುವುದು ತೊಲೆಯಲ್ಲ, ಕೋಣೆ ತುಂಬಿರುವ ಮರಳು. ನಾಳೆ ನೀವು ಕೊಳವೆ ಇಟ್ಟು ಹೀರಿ ತೆಗೆಯುವುದು ಅದೇ ಮರಳನ್ನು. ಆಮೇಲೆ ಮೊದಲು ಒಳಗೆ ನುಗ್ಗುವವನು ನೀನು.

ಈ ಕೆಲಸ ಮಾಡಿಸುವ ಯಜಮಾನರಿಗೆ ಹೇಳಿದೆ. "ನೋಡೋಣಮ್ಮಾ, ಗಾಬರಿ ಆಗ್ಬೇಡಿ" ಎಂದು ಚಹಾ ತರಿಸಿದರು. ನಿನ್ನೆ ವೈರ್‌ಲೆಸ್ಸಿನಲ್ಲಿ ನಿನಗೇ ಹೇಳಿದೆ. "ನಾನು ಸ್ನಾನಕ್ಕೆ ಹೋದ್ರೂ ನಿನಗೆ ಭಯ" ಎಂದು ನೀನು ನಕ್ಕೆ. ಹೌದು, ಭಯವೇ. ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ. ನಿನ್ನ ಮೇಲೆ ಕೋಪ ಬಂದಿದೆ, ಅಳುವೂ ಬಂದಿದೆ, ಯಾವುದನ್ನು ಮೊದಲು ಮಾಡಲಿ ತಿಳಿಯುತ್ತಿಲ್ಲ.

ನೂರ್ಕಾಲ ಬಾಳು. ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ
ಅಕ್ಕ

ಇನ್ನೊಂದು ಮಾತು: ನಿಮಗೆ ಸಾಮಾನು ತರುವ ದೋಣಿ ಕೂಗುತ್ತಿದೆ. ತೊಲೆಯ ತುಂಡನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಕೊಂಡು ನಾನೂ ಹತ್ತುತ್ತಿದ್ದೇನೆ. "ಜಾಗ ಇಲ್ಲಕ್ಕಾ" ಎಂದ ದೋಣಿಯವನು. ಒಂದು ಮೂಟೆ ಆಲೂಗಡ್ಡೆ ಇಳಿಸು ಎಂದೆ, ಇಳಿಸಿದ. ಅಲೆಯ ಮೇಲೆ ನನಗೆ ವಾಂತಿ ಬಿಟ್ಟು ಬೇರೇನೂ ಬಾಯಿಂದ ಹೊರಡುವುದಿಲ್ಲ, ಅದಕ್ಕೇ ಇದನ್ನು ಬರೆದು ನಿನ್ನ ಕೈಗೆ ಕೊಡುತ್ತಿದ್ದೇನೆ. ಓದಿ ಮುಗಿಸಿ, ನನ್ನೆದುರೇ ಆ ತೊಲೆಗೆ ನಿನ್ನ ಹೆಬ್ಬೆರಳು ಒತ್ತು. ಆಮೇಲೂ ಒಳಗೆ ಇಳಿಯುತ್ತೀಯಾದರೆ, "ಹೋಗಿ ಬರ್ತೀನಿ ಅಕ್ಕಾ" ಎಂದು ನನ್ನ ಮುಖ ನೋಡಿ ಹೇಳು.