ಕಾರಣ: ಹಬ್ಬ

ಮಂಗಳವಾರ, ಹಬ್ಬದ ಹಿಂದಿನ ದಿನ

ಹನ್ನೊಂದು ವರ್ಷದಿಂದ ಹಬ್ಬದ ದಿನ ಆಸ್ಪತ್ರೆಯ ವಾರ್ಡು ನನ್ನದೇ. ದೇವರನ್ನು ನಂಬುವ ನರ್ಸುಗಳು ಮನೆಗೆ ಹೋಗಲಿ, ನಂಬದ ನಾನಿದ್ದೇನಲ್ಲ ಎಂದು ನಾನೇ ಬೀಗುತ್ತ ಶುರುಮಾಡಿದ್ದು. ಈ ಸಲ ರಜೆ ಕೇಳಿದೆ. ಅರ್ಜಿಯಲ್ಲಿ ‘ಕಾರಣ: ಹಬ್ಬ’ ಎಂದಿದ್ದನ್ನು ಓದಿ ಹೆಡ್ ನರ್ಸ್ ನಕ್ಕರು.

“ಏನಮ್ಮಾ, ಕೊನೆಗೂ ದೇವರು ಸಿಕ್ಕಿದ್ನಾ?”

ಸಿಕ್ಕಿಲ್ಲ. ಹೋದ ವಾರ ಮಗಳು ನಮ್ಮ ಅತ್ತೆಗೆ ಹೇಳುತ್ತಿದ್ದಳು: “ಹಬ್ಬ ಅಂದ್ರೆ ಅಮ್ಮ ಮನೇಲಿ ಇಲ್ದೇ ಇರೋ ದಿನ.” ಅದನ್ನು ಅರ್ಜಿಯಲ್ಲಿ ಬರೆಯುವುದಕ್ಕಾಗುತ್ತದೆಯೇ?

ನನ್ನ ಬದಲು ನಾಳೆ ಡ್ಯೂಟಿ ಬಿದ್ದಿರುವುದು ಹೊಸ ನರ್ಸಿಗೆ. ಹಬ್ಬಕ್ಕೆಂದು ಉಪವಾಸ ಇರುವವಳು. “ಪರವಾಗಿಲ್ಲ ಅಕ್ಕ” ಅಂದಳು, ಮುಖ ಎತ್ತಲಿಲ್ಲ. ಅವಳ ಹಬ್ಬ ಕಿತ್ತುಕೊಂಡು ನಾನು ಮಾಡುವುದಾದರೂ ಏನು? ಅತ್ತೆ ಪ್ರಾರ್ಥನೆಗೆ ನಿಂತಾಗ ಕೈ ಮುಗಿದರೆ ಸುಳ್ಳು. ಮುಗಿಯದಿದ್ದರೆ ಮಗಳು ನೋಡುತ್ತಾಳೆ.

ಮಲಗುವಾಗ ಮಗಳು ಕೇಳಿದಳು: “ನಾಳೆ ಪ್ರಾರ್ಥನೆ ಮುಗಿಯೋ ತನಕ ನನ್ನ ಎರಡೂ ಕೈ ಹಿಡ್ಕೊಂಡಿರ್ತೀಯಾ?” ಹೂಂ ಅಂದುಬಿಟ್ಟೆ. ಈಗ ಯೋಚನೆ ಹತ್ತಿದೆ. ನಾನು ಹಿಡಿದುಕೊಂಡರೆ ಅವಳು ಕೈ ಮುಗಿಯುವುದು ಹೇಗೆ? ಅಥವಾ ಅವಳಿಗೂ ಮುಗಿಯುವುದು ಬೇಡವೋ...